ಮೈಯ ಉಪ್ಪು, ಮೆಷಿನ್ನಿನ ಫ್ರೀಕ್ವೆನ್ಸಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ಮೈಗೆ ಕರೆಂಟಿನ ಮಿಡಿತ ಕೊಟ್ಟು ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವ ‘ಫ್ರೀಕ್ವೆನ್ಸಿ ಥೆರಪಿ’ಗೆ ಹೋಗಿ ಬಂದವರು, ಮನೆಯವರನ್ನು ಕಳಿಸಿದವರು, ಕಳಿಸಬೇಕೋ ಬೇಡವೋ ಎಂದು ಅನುಮಾನದಲ್ಲಿರುವವರು ಬರೆದಿದ್ದಾರೆ. ಎಲ್ಲರ ಬಾಯಲ್ಲೂ ಎಲೆಕ್ಟ್ರೋಲೈಟ್, ಅಂದರೆ ಮೈಯಲ್ಲಿರುವ ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳು, ಎಂಬ ಮಾತಿದೆ. ಬಸವನಗುಡಿಯ ನನ್ನ ಕ್ಲಿನಿಕ್ಕಿನಲ್ಲೂ ಇದೇ ಪ್ರಶ್ನೆ ಬರುತ್ತಿರುತ್ತದೆ. ಆದ್ದರಿಂದ ಬೇರೆ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ತಿಂಗಳು ಇದಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಬಿ.ಪಿ.ಗೆ ಟೆಲ್ಮಿಸಾರ್ಟನ್, ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ತಗೋತಾರೆ. ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ ಎಂದು ಹೋದ ವರ್ಷ ಡಾಕ್ಟರು ಹೇಳಿದ್ದರು. ಪಾದ ಉರಿ, ಸುಸ್ತು ಎಂದು ಮನೆ ಹತ್ತಿರದ ಫ್ರೀಕ್ವೆನ್ಸಿ ಸೆಂಟರಿಗೆ ಹೋಗುತ್ತಿದ್ದಾರೆ. ಕೈಯಲ್ಲಿ ಒಂದು ಲೋಹದ ಕಡ್ಡಿ ಹಿಡಿಸಿ, ಒಂದು ನಿಮಿಷದಲ್ಲಿ ದೊಡ್ಡ ರಿಪೋರ್ಟ್ ತೆಗೆದುಕೊಟ್ಟರಂತೆ. ಪೊಟ್ಯಾಸಿಯಂ ಕಡಿಮೆ ಇದೆ, ಎಲೆಕ್ಟ್ರೋಲೈಟ್ ಸರಿ ಇಲ್ಲದಿದ್ದರೆ ಫ್ರೀಕ್ವೆನ್ಸಿ ಮೈಯೊಳಗೆ ಹರಿಯುವುದಿಲ್ಲ ಎಂದಿದ್ದಾರೆ. ದಿನಕ್ಕೆ ಎರಡು ಎಳನೀರು, ಬೆಳಿಗ್ಗೆ ಪಿಂಕ್ ಸಾಲ್ಟ್ ಹಾಕಿದ ನೀರು, ಅಡುಗೆಗೆ ಲೋ ಸೋಡಿಯಂ ಉಪ್ಪು ಬಳಸಲು ಹೇಳಿದ್ದಾರೆ. ಮುಂದುವರಿಸಬಹುದಾ ಮೇಡಂ?
— ಒಬ್ಬ ಮಗಳು, ವಿಜಯನಗರ

ಉತ್ತರ: ಬೇಡ ಕಣಮ್ಮ. ಎಳನೀರು, ಪಿಂಕ್ ಸಾಲ್ಟ್ ನೀರು, ಲೋ ಸೋಡಿಯಂ ಉಪ್ಪು ಮೂರನ್ನೂ ಇವತ್ತೇ ನಿಲ್ಲಿಸಿ. ನಾಳೆ ಬೆಳಿಗ್ಗೆ ಹತ್ತಿರದ ಲ್ಯಾಬಿನಲ್ಲಿ ಸೀರಮ್ ಎಲೆಕ್ಟ್ರೋಲೈಟ್ಸ್ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂದೇನೂ ಇಲ್ಲ. ಪೊಟ್ಯಾಸಿಯಂ 3.5ರಿಂದ 5ರ ಒಳಗಿದ್ದರೆ ಸಮಾಧಾನ. 5.5 ದಾಟಿದ್ದರೆ ಅವತ್ತೇ ನಿಮ್ಮ ಡಾಕ್ಟರಿಗೆ ತೋರಿಸಿ. 6 ದಾಟಿದ್ದರೆ ನೇರವಾಗಿ ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೋಗಿ. ಟೆಲ್ಮಿಸಾರ್ಟನ್ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇಷ್ಟು ಆತುರ ಯಾಕೆಂದರೆ, ಟೆಲ್ಮಿಸಾರ್ಟನ್ ಒಳ್ಳೆಯ ಮಾತ್ರೆ, ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಕಾಪಾಡುತ್ತದೆ. ಆದರೆ ಮೂತ್ರದಲ್ಲಿ ಹೋಗಬೇಕಾದ ಪೊಟ್ಯಾಸಿಯಂ ಅನ್ನು ಸ್ವಲ್ಪ ಮೈಯಲ್ಲೇ ಉಳಿಸುತ್ತದೆ. ಕ್ರಿಯಾಟಿನಿನ್ ಜಾಸ್ತಿ ಇದೆ ಅಂದರೆ ಕಿಡ್ನಿ ಮೊದಲೇ ಸೋತಿದೆ, ಅದೂ ಪೊಟ್ಯಾಸಿಯಂ ಅನ್ನು ಹೊರಹಾಕಲು ಒದ್ದಾಡುತ್ತಿದೆ. ಒಂದು ದೊಡ್ಡ ಲೋಟ ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರಬಹುದು. ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಕಡಿಮೆ ಮಾಡಿ, ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬಿ.ಪಿ. ಇರುವ, ಕಿಡ್ನಿ ಚೆನ್ನಾಗಿರುವ ದೊಡ್ಡವರಿಗೆ ಆ ಉಪ್ಪು ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆಯೂ 2025ರಲ್ಲಿ ಅದನ್ನೇ ಹೇಳಿತು, ಜೊತೆಗೆ ಕಿಡ್ನಿ ತೊಂದರೆ ಇರುವವರಿಗೆ ಈ ಸಲಹೆ ಅಲ್ಲ ಎಂದೂ ಹೇಳಿತು. ನಿಮ್ಮ ಅಮ್ಮನ ವಿಷಯದಲ್ಲಿ ಮಾತ್ರೆ, ಕಿಡ್ನಿ, ಎಳನೀರು, ಉಪ್ಪು ಎಲ್ಲವೂ ಪೊಟ್ಯಾಸಿಯಂ ಅನ್ನು ಮೇಲಕ್ಕೇ ತಳ್ಳುತ್ತಿವೆ. ಪಿಂಕ್ ಸಾಲ್ಟ್ ಅಂದರೆ ಬಣ್ಣದ ಅಡುಗೆ ಉಪ್ಪೇ. ಅದು ಬಿ.ಪಿ. ಏರಿಸುತ್ತದೆ, ಅಷ್ಟೇ.

ಪೊಟ್ಯಾಸಿಯಂ ಜಾಸ್ತಿಯಾದರೆ ಏನಾಗುತ್ತದೆ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ. ಆಗ ಫಿಸಿಯಾಲಜಿ ಲ್ಯಾಬಿನಲ್ಲಿ ಕಪ್ಪೆಯ ಹೃದಯವನ್ನು ಇಟ್ಟು ಪ್ರಯೋಗ ಮಾಡಿಸುತ್ತಿದ್ದರು. ಲವಣಗಳನ್ನು ಹದವಾಗಿ ಬೆರೆಸಿದ ರಿಂಗರ್ ದ್ರಾವಣ ಎಂಬ ನೀರಿನಲ್ಲಿ ಅದು ತನ್ನ ಪಾಡಿಗೆ ಬಡಿಯುತ್ತಿತ್ತು. ಅದರ ಮೇಲೆ ಕೆಲವು ತೊಟ್ಟು ಪೊಟ್ಯಾಸಿಯಂ ಕ್ಲೋರೈಡ್ ಬಿಟ್ಟರೆ ಬಡಿತ ನಿಧಾನವಾಗಿ, ಹೃದಯ ಸಡಿಲವಾಗಿ ಹಾಗೇ ನಿಂತುಬಿಡುತ್ತಿತ್ತು. ರಿಂಗರ್ ದ್ರಾವಣದಿಂದ ತೊಳೆದರೆ ಮತ್ತೆ ಶುರು. ಮುಂದೆ ನಾನೇ ಫಿಸಿಯಾಲಜಿ ಕಲಿಸುವಾಗ ಮಕ್ಕಳಿಗೆ ಸಿಡ್ನಿ ರಿಂಗರ್ ಕತೆ ಹೇಳದೆ ಆ ಪಾಠ ಮುಗಿಸುತ್ತಿರಲಿಲ್ಲ. 1880ರ ದಶಕದಲ್ಲಿ ಲಂಡನ್ನಿನ ಈ ವೈದ್ಯರು ಬರೀ ಉಪ್ಪುನೀರಿನಲ್ಲಿ ಕಪ್ಪೆಯ ಹೃದಯ ಬಡಿಯುತ್ತದೆ ಎಂದುಕೊಂಡಿದ್ದರು. ಆಮೇಲೆ ನೋಡಿದರೆ ಆ ದ್ರಾವಣಕ್ಕೆ ಬಳಸಿದ್ದು ಶುದ್ಧ ನೀರಲ್ಲ, ನಲ್ಲಿ ನೀರು. ಅದರಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ಬಡಿಸುತ್ತಿತ್ತು. ಶುದ್ಧ ನೀರಿನಲ್ಲಿ ಮಾಡಿದಾಗ ಬಡಿತ ನಿಂತುಹೋಯಿತು.

ಈ ಲವಣಗಳ ಲೆಕ್ಕ ಅಷ್ಟು ಸೂಕ್ಷ್ಮ. ನಮ್ಮ ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿ ಈಕ್ವಿವೆಲೆಂಟ್ (ಲ್ಯಾಬಿನವರು ಲವಣ ಅಳೆಯುವ ಮಾನ), ಪೊಟ್ಯಾಸಿಯಂ ಬರೀ 4ರ ಆಸುಪಾಸು. ಜೀವಕೋಶದ ಒಳಗೆ ಹೋದರೆ ಇದು ತಲೆಕೆಳಗು, ಅಲ್ಲಿ ಪೊಟ್ಯಾಸಿಯಂ ಸುಮಾರು 140. ಮೈಯ ಪೊಟ್ಯಾಸಿಯಂನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಕೋಶಗಳ ಹೊರಗಿದೆ. ಈ ವ್ಯತ್ಯಾಸವನ್ನು ಕಾಯುವುದು ಕೋಶದ ಪೊರೆಯಲ್ಲಿರುವ ಒಂದು ಪಂಪು. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಹಗಲೂ ರಾತ್ರಿ ಇದೇ ಕೆಲಸ. ಮನೆಯ ಮೋಟರ್ ಕೆಟ್ಟರೆ ಓವರ್‌ಹೆಡ್ ಟ್ಯಾಂಕ್ ಬರಿದಾಗುವ ಹಾಗೆ, ಈ ಪಂಪು ನಿಂತರೆ ನರ, ಸ್ನಾಯು, ಹೃದಯ ಯಾವುದಕ್ಕೂ ಶಕ್ತಿ ಇರುವುದಿಲ್ಲ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ತೋರಿಸಿಕೊಟ್ಟರು. ಅದಕ್ಕೆ 1997ರಲ್ಲಿ ನೊಬೆಲ್ ಬಂತು. ಹೀಗೆ ಮೈಯೊಳಗೆ ವಿದ್ಯುತ್ತು ಇರುವುದು ನಿಜ. ಫ್ರೀಕ್ವೆನ್ಸಿ ಸೆಂಟರಿನವರು ಈ ನಿಜವನ್ನು ಹಿಡಿದುಕೊಂಡೇ ಮಾತು ಶುರು ಮಾಡುತ್ತಾರೆ. ಆದ್ದರಿಂದಲೇ ಓದಿದವರೂ ನಂಬುತ್ತಾರೆ.

ಈಗ ಆ ಕಡ್ಡಿಯ ವಿಷಯ. ಅಂಗೈಯಲ್ಲಿ ಹಿಡಿದ ಕಡ್ಡಿಗೆ ಸಿಗುವುದು ಚರ್ಮದ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಚರ್ಮ ಒಡ್ಡುವ ತಡೆ. ಒಣ ಚರ್ಮದಲ್ಲಿ ಅದು ಲಕ್ಷ ಓಮ್ ಇರಬಹುದು, ಒದ್ದೆಯಾದರೆ ಸಾವಿರಕ್ಕೆ ಇಳಿಯಬಹುದು. ಗಾಬರಿಯಿಂದ ಅಂಗೈ ಬೆವರಿದರೂ ಬದಲಾಗುತ್ತದೆ. ಅದರಿಂದ ರಕ್ತದ ಪೊಟ್ಯಾಸಿಯಂ ಹೇಳಲು ಬರುವುದಿಲ್ಲ. ಅದಕ್ಕೆ ರಕ್ತವನ್ನೇ ತೆಗೆಯಬೇಕು. ಎಲೆಕ್ಟ್ರೋಲೈಟ್ ಕಡಿಮೆಯಾದರೆ ಫ್ರೀಕ್ವೆನ್ಸಿ ಹರಿಯುವುದಿಲ್ಲ ಎಂಬ ಮಾತೂ ಸರಿಯಲ್ಲ. ಮೈಯ ಒಳಗೆಲ್ಲ ಉಪ್ಪುನೀರೇ ಇದೆ. ಸೋಡಿಯಂ 140 ಇದ್ದರೂ 120 ಇದ್ದರೂ ಕರೆಂಟ್ ಹರಿದೇ ಹರಿಯುತ್ತದೆ. ತಡೆಯುವುದು ಒಣ ಚರ್ಮ. ಅದಕ್ಕೇ ಇ.ಸಿ.ಜಿ. ತೆಗೆಯುವವರು ಜೆಲ್ ಹಚ್ಚುತ್ತಾರೆ, ಫಿಸಿಯೋಥೆರಪಿಯವರು ಸ್ಪಾಂಜ್ ಒದ್ದೆ ಮಾಡುತ್ತಾರೆ. ಅವರು ಯಾರಿಗೂ ಮೊದಲು ಉಪ್ಪುನೀರು ಕುಡಿಯಿರಿ ಅನ್ನುವುದಿಲ್ಲ.

ಕೊನೆಗೆ ಪಾದ ಉರಿ. ಇದಕ್ಕೆ ಎರಡು ಕಾರಣಗಳನ್ನು ಮೊದಲು ನೋಡಬೇಕು. ಸಕ್ಕರೆ ಕಾಯಿಲೆಯಿಂದ ನರಗಳಿಗೆ ಪೆಟ್ಟಾಗಿರಬಹುದು. ಇಲ್ಲವೇ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡು ಬಿ-12 ವಿಟಮಿನ್ ಕಡಿಮೆಯಾಗಿರಬಹುದು. ಅದೇ ರಕ್ತದಲ್ಲಿ ಬಿ-12 ಕೂಡ ನೋಡಿಸಿ. ಕಡಿಮೆ ಇದ್ದರೆ ಸುಲಭದ ಚಿಕಿತ್ಸೆ ಇದೆ.

ಅಮ್ಮನ ಮೇಲೆ ಮಾತ್ರ ರೇಗಬೇಡಿ. ಆ ಸೆಂಟರಿನಲ್ಲಿ ಯಾರೋ ಅರ್ಧ ಗಂಟೆ ಪಕ್ಕದಲ್ಲಿ ಕೂತು ಅವರ ಮಾತು ಕೇಳುತ್ತಾರೆ, ಕೈ ಹಿಡಿಯುತ್ತಾರೆ. ವಯಸ್ಸಾದವರಿಗೆ ಅದು ದೊಡ್ಡ ವಿಷಯ. ಐದು ನಿಮಿಷಕ್ಕೆ ಒಬ್ಬರಂತೆ ರೋಗಿಗಳನ್ನು ಕಳಿಸುವ ನಾವು ವೈದ್ಯರು ಇದನ್ನು ಗಮನಿಸಬೇಕು. ನೀವು ಜೊತೆಯಲ್ಲೇ ಲ್ಯಾಬಿಗೆ, ಡಾಕ್ಟರ ಹತ್ತಿರಕ್ಕೆ ಹೋಗಿ.

ಪ್ರಶ್ನೆ: ನೀರಿನ ಟಬ್ಬಿಗೆ ಉಪ್ಪು ಹಾಕಿ, ಅದರಲ್ಲಿ ಕಾಲಿಟ್ಟುಕೊಂಡು ಕೂತರೆ ಮೆಷಿನ್ ಮೈಯ ವಿಷವನ್ನೆಲ್ಲ ಎಳೆಯುತ್ತದೆ ಎಂದರು. ನಿಜವಾಗಿಯೂ ನೀರು ಕಂದು ಬಣ್ಣಕ್ಕೆ ತಿರುಗಿತು! ನಾನೇ ನೋಡಿದೆ.
— ಹೆಸರು ಬೇಡ, ರಾಜಾಜಿನಗರ

ಉತ್ತರ: ನೀವು ನೋಡಿದ್ದು ನಿಜ. ಆದರೆ ಅದು ತುಕ್ಕು. ಟಬ್ಬಿನೊಳಗೆ ಇಳಿಬಿಟ್ಟ ಲೋಹದ ಸುರುಳಿಯಲ್ಲಿ ಕಬ್ಬಿಣ ಇರುತ್ತದೆ. ಉಪ್ಪು ಹಾಕಿದ ನೀರಿನಲ್ಲಿ ಕರೆಂಟ್ ಹರಿದಾಗ ಆ ಕಬ್ಬಿಣ ಕರಗಿ ನೀರು ಕಂದಾಗುತ್ತದೆ. ಹೈಸ್ಕೂಲಿನಲ್ಲಿ ಕಲಿತ ಎಲೆಕ್ಟ್ರಾಲಿಸಿಸ್ ಇದೇ. ಈ ಟಬ್ಬಿನಲ್ಲಿ ಎಲೆಕ್ಟ್ರೋಲೈಟ್‌ಗೆ ನಿಜವಾಗಿ ಒಂದು ಪಾತ್ರ ಇದೆ: ಉಪ್ಪು ಜಾಸ್ತಿ ಹಾಕಿದಷ್ಟೂ ಬಣ್ಣ ಗಾಢ. ಒಂದೇ ಮನೆಯಲ್ಲಿ ಕಾವೇರಿ ನೀರಿಗೂ ಬೋರ್‌ವೆಲ್ ನೀರಿಗೂ ಬಣ್ಣ ಬೇರೆ ಬರಬಹುದು. ಒಂದು ಸಲ ಕಾಲು ಇಡದೆ, ಬರೀ ಟಬ್ಬಿನಲ್ಲಿ ಅಷ್ಟೇ ಹೊತ್ತು ಮೆಷಿನ್ ಓಡಿಸಿ ಎಂದು ಕೇಳಿ. ನೀರು ಹಾಗೇ ಕಂದಾಗುತ್ತದೆ. ಅಂಗಾಲಿನ ಚರ್ಮ ವಿಷ ಹೊರಹಾಕುವ ದಾರಿಯಲ್ಲ, ಆ ಕೆಲಸ ಲಿವರ್ ಮತ್ತು ಕಿಡ್ನಿಯದು. ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಸ್ಪರ್ಶ ಕಡಿಮೆಯಾದವರು ಇಂಥ ಬಿಸಿನೀರಿನ ಟಬ್ಬಿಗೆ ಕಾಲು ಇಡಲೇಬಾರದು. ಸುಟ್ಟರೂ ಗೊತ್ತಾಗುವುದಿಲ್ಲ, ಗಾಯ ಮಾಯುವುದು ಕಷ್ಟ.

ಪ್ರಶ್ನೆ: ಸೊಂಟ ನೋವಿಗೆ ಫಿಸಿಯೋಥೆರಪಿಸ್ಟ್ ಐ.ಎಫ್.ಟಿ. ಎಂಬ ಕರೆಂಟ್ ಕೊಡುತ್ತಿದ್ದಾರೆ. ಅದರಲ್ಲೂ ಫ್ರೀಕ್ವೆನ್ಸಿ ಎಂದು ಬರೆದಿದೆ. ಹಾಗಾದರೆ ಇದೂ ಮೋಸವಾ?
— ನಿವೃತ್ತ ಮೇಷ್ಟ್ರು, ಮಲ್ಲೇಶ್ವರ

ಉತ್ತರ: ಇಲ್ಲ ಮೇಷ್ಟ್ರೇ. ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಐ.ಎಫ್.ಟಿ.ಯಲ್ಲಿ ಎರಡು ಕರೆಂಟ್‌ಗಳನ್ನು ಅಡ್ಡಡ್ಡ ಕೊಡುತ್ತಾರೆ. ಒಂದು ಸೆಕೆಂಡಿಗೆ 4000 ಸಲ ಏರಿಳಿಯುತ್ತಿದ್ದರೆ ಇನ್ನೊಂದು 4100 ಸಲ. ಅವು ಸೇರುವ ಜಾಗದಲ್ಲಿ 100ರ ಮಿಡಿತ ಹುಟ್ಟುತ್ತದೆ, ಅದು ನರಗಳಿಗೆ ಗೊತ್ತಾಗುತ್ತದೆ. ಟೆನ್ಸ್ ಎಂಬ ಪುಟ್ಟ ಮೆಷಿನ್ನಿನದೂ ಹೆಚ್ಚುಕಡಿಮೆ ಇದೇ ಉದ್ದೇಶ. ಚರ್ಮದ ಜುಮುಜುಮು ಸುದ್ದಿ ಬೆನ್ನುಹುರಿಗೆ ಹೋದಾಗ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ ಎಂಬ ವಿವರಣೆಯನ್ನು ಮೆಲ್‌ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಕೊಟ್ಟರು.

ವ್ಯತ್ಯಾಸ ಇರುವುದು ಹೇಳುವ ಮಾತಿನಲ್ಲಿ. ನಿಮ್ಮ ಫಿಸಿಯೋಥೆರಪಿಸ್ಟ್ ನೋವು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಅಷ್ಟರಲ್ಲಿ ವ್ಯಾಯಾಮ ಮಾಡೋಣ ಅನ್ನುತ್ತಾರೆ ಅಲ್ವಾ? ಅದು ಪ್ರಾಮಾಣಿಕ ಮಾತು. ವ್ಯಾಯಾಮವನ್ನು ಬಿಡಬೇಡಿ, ಸೊಂಟಕ್ಕೆ ಬಹಳ ಕಾಲ ಉಪಯೋಗ ಆಗುವುದು ಅದೇ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು ಕರೆಂಟ್ ಕೊಡಿಸಿಕೊಳ್ಳುವ ಮೊದಲೇ ಹೇಳಿಬಿಡಬೇಕು. ಯಾರೂ ಕೇಳದಿದ್ದರೂ ನೀವಾಗಿಯೇ ಹೇಳಿ.

ಪ್ರಶ್ನೆ: ನನ್ನ ತಂಗಿಗೆ 41 ವರ್ಷ, ಸ್ತನದ ಕ್ಯಾನ್ಸರ್ ಎರಡನೇ ಹಂತ. ಕಿಮೋಗೆ ಹೆದರುತ್ತಿದ್ದಾಳೆ. ರೈಫ್ ಮೆಷಿನ್ ಎಂಬುದರಿಂದ ಕ್ಯಾನ್ಸರ್ ಕೋಶಗಳನ್ನು ಒಡೆಯುತ್ತೇವೆ, ಮೊದಲು ಮೂರು ತಿಂಗಳು ಮಿನರಲ್ ಕೊಟ್ಟು ಎಲೆಕ್ಟ್ರೋಲೈಟ್ ಸರಿಮಾಡಬೇಕು ಎಂದು ಒಬ್ಬರು ಹೇಳಿದ್ದಾರೆ. ಏನು ಮಾಡಲಿ?
— ಅಕ್ಕ, ಬನಶಂಕರಿ

ಉತ್ತರ: ದಯವಿಟ್ಟು ಆ ಮೂರು ತಿಂಗಳು ಕೊಡಬೇಡಿ. ಎರಡನೇ ಹಂತ ಅಂದರೆ ಗುಣವಾಗಲಿ ಎಂಬ ಗುರಿಯಿಟ್ಟೇ ಚಿಕಿತ್ಸೆ ಮಾಡುವ ಹಂತ. ಈ ಸಮಯಕ್ಕೆ ಬೆಲೆ ಕಟ್ಟಲಾಗದು.

ರಾಯಲ್ ರೈಫ್ ಎಂಬುವವರು 1930ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಪ್ರತಿಯೊಂದು ರೋಗಾಣುವಿಗೂ ಅದನ್ನು ಕೊಲ್ಲುವ ಒಂದು ಫ್ರೀಕ್ವೆನ್ಸಿ ಇದೆ ಎಂದು ಹೇಳಿಕೊಂಡರು. ಅದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದು ಇವತ್ತಿನವರೆಗೂ ಸಾಬೀತಾಗಿಲ್ಲ. ಅಮೆರಿಕದಲ್ಲಿ ಇಂಥ ಮೆಷಿನ್ ಮಾರಿದವರಿಗೆ ಜೈಲು ಶಿಕ್ಷೆಯೂ ಆಗಿದೆ.

ಕ್ಯಾನ್ಸರಿಗೂ ವಿದ್ಯುತ್ ಕ್ಷೇತ್ರಕ್ಕೂ ಸಂಬಂಧವೇ ಇಲ್ಲವಾ ಎಂದು ಅವರು ನಿಮ್ಮನ್ನು ಕೇಳಬಹುದು. ಇದೆ. ಗ್ಲಿಯೋಬ್ಲಾಸ್ಟೋಮ ಎಂಬ ಮೆದುಳಿನ ಗಡ್ಡೆಗೆ ಸೆಕೆಂಡಿಗೆ 2 ಲಕ್ಷ ಸಲ ಬದಲಾಗುವ ಕ್ಷೇತ್ರವನ್ನು ಕೊಡುವ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಕರು 2011ರಲ್ಲಿ ಒಪ್ಪಿಗೆ ಕೊಟ್ಟರು. ತಲೆ ಬೋಳಿಸಿ, ದಿನದ ಬಹುಪಾಲು ಹೊತ್ತು ಅದನ್ನು ಅಂಟಿಸಿಕೊಂಡೇ ಇರಬೇಕು, ಗಡ್ಡೆ ಹೊಸದಾಗಿ ಪತ್ತೆಯಾದವರಲ್ಲಿ ಕಿಮೋ ಜೊತೆಗೇ. ಸುಮಾರು 700 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ 16 ತಿಂಗಳಿಂದ ಸುಮಾರು 21 ತಿಂಗಳಿಗೆ ಏರಿತು. ನಿಜವಾದ ಫಲಿತಾಂಶ ಹೀಗಿರುತ್ತದೆ. ಎಷ್ಟು ತಿಂಗಳು, ಯಾವ ರೋಗಕ್ಕೆ, ಯಾವುದರ ಜೊತೆ ಎಂದು ಬಿಡಿಸಿ ಹೇಳುತ್ತಾರೆ. ಇದು ನಿಮ್ಮ ತಂಗಿಯ ಕಾಯಿಲೆಗೆ ಅಲ್ಲ.

ಇನ್ನೊಂದು ಸಂಗತಿಯನ್ನು ಅವಳಿಗೆ ಮೆತ್ತಗೆ ಹೇಳಿ. ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರಿಗೆ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ದಾರಿ ಹಿಡಿದವರಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚು ಇತ್ತು.

ಎಲೆಕ್ಟ್ರೋಲೈಟ್ ವಿಷಯ ಕಿಮೋದಲ್ಲಿ ನಿಜವಾಗಿಯೂ ಮುಖ್ಯ. ವಾಂತಿ, ಭೇದಿಯಾದರೆ ಸೋಡಿಯಂ, ಪೊಟ್ಯಾಸಿಯಂ ಇಳಿಯುತ್ತವೆ. ಸಿಸ್‌ಪ್ಲಾಟಿನ್‌ನಂಥ ಔಷಧಿ ಕೊಟ್ಟರೆ ಕಿಡ್ನಿಯಿಂದ ಮೆಗ್ನೀಸಿಯಂ ಸೋರಿಹೋಗುತ್ತದೆ. ಮೆಗ್ನೀಸಿಯಂ ಸರಿಮಾಡದೆ ಪೊಟ್ಯಾಸಿಯಂ ಸರಿಹೋಗುವುದೂ ಇಲ್ಲ. ಅದಕ್ಕೇ ಅಲ್ಲಿ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡುತ್ತಾರೆ. ಭಯ ಜಾಸ್ತಿ ಇದ್ದರೆ ಕಿದ್ವಾಯಿಯಲ್ಲೋ ಬೇರೆ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಎರಡನೇ ಅಭಿಪ್ರಾಯ ಕೇಳಿ. ವಾಂತಿಗೆ ಏನು ಕೊಡುತ್ತೀರಿ, ಕೂದಲು ಉದುರುತ್ತದಾ, ಕೆಲಸಕ್ಕೆ ಯಾವಾಗ ಹೋಗಬಹುದು ಎಂದು ಅವಳ ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನಗೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಮಗ ಲಾಲ್‌ಬಾಗಿನಲ್ಲಿ ದಿನಾ ಮುಕ್ಕಾಲು ಗಂಟೆ ಓಡುತ್ತಾನೆ. ದಿನಕ್ಕೆ ಎರಡು ಎಲೆಕ್ಟ್ರೋಲೈಟ್ ಸ್ಯಾಚೆ ಕುಡಿಯುತ್ತಾನೆ. ಬೇಕಾ?
— ಒಬ್ಬ ತಂದೆ, ಜಯನಗರ

ಉತ್ತರ: ಮುಕ್ಕಾಲು ಗಂಟೆಗೆ ಬೇಡ. ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಹೋಗಬಹುದು, ಅದು ನಮ್ಮ ಊಟದಲ್ಲೇ ವಾಪಸ್ ಬರುತ್ತದೆ. ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ, ಆಮೇಲೆ ತಿಂಡಿ ಸಾಕು. ಬೇಸಿಗೆಯಲ್ಲಿ ಎರಡು ಮೂರು ಗಂಟೆ ಓಡುವವರ ಮಾತು ಬೇರೆ. ಅವರಲ್ಲೂ ದೊಡ್ಡ ಅಪಾಯ ಬರೀ ನೀರನ್ನು ಬಾಯಾರಿಕೆ ಮೀರಿ ಕುಡಿಯುವುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ನೋಡಿದಾಗ ನೂರಕ್ಕೆ 13 ಜನರ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗಿತ್ತು.

ಭೇದಿಗೆ ಕೊಡುವ ಓ.ಆರ್.ಎಸ್. ಬೇರೆ, ಅದನ್ನು ಇದರೊಂದಿಗೆ ಕಲಸಬೇಡಿ. ಅದು ನಮ್ಮ ಹೆಮ್ಮೆಯ ವಿಷಯ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ, ಬಂಗಾಳದ ಬನಗಾಂವ್‌ನಲ್ಲಿ, ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ಕಾಲರಾ ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಕರುಳಿನಲ್ಲಿ ಗ್ಲೂಕೋಸ್ ಜೊತೆಗಿದ್ದರೆ ಸೋಡಿಯಂ ಒಳಗೆ ಹೋಗುತ್ತದೆ, ಸೋಡಿಯಂ ಹಿಂದೆ ನೀರು ಹೋಗುತ್ತದೆ. ಈಗಿನ ಅಳತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚಾಗುತ್ತದೆ. ಸಿಹಿ ಪಾನೀಯಗಳ ಪೊಟ್ಟಣದ ಮೇಲೆ ಓ.ಆರ್.ಎಸ್. ಎಂದು ಬರೆಯಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದ್ದು ಇದಕ್ಕೇ. ಮನೆಯಲ್ಲಿ ಮಕ್ಕಳಿದ್ದರೆ ಸರಿಯಾದ ಪೊಟ್ಟಣ ಎರಡು ತಂದಿಟ್ಟುಕೊಳ್ಳಿ.

ಪ್ರಶ್ನೆ: 528 ಹರ್ಟ್ಸ್ ಸಂಗೀತ ಕೇಳಿದರೆ ಸೋಡಿಯಂ, ಪೊಟ್ಯಾಸಿಯಂ ಸಮತೋಲನಕ್ಕೆ ಬರುತ್ತದಂತೆ. ಹೌದಾ?
— ಗೃಹಿಣಿ, ಯಲಹಂಕ

ಉತ್ತರ: ಬರುವುದಿಲ್ಲ. ಮನಸ್ಸಿಗೆ ಹಿತವಾದರೆ, ನಿದ್ದೆ ಚೆನ್ನಾಗಿ ಬಂದರೆ ಧಾರಾಳವಾಗಿ ಕೇಳಿ. ಆದರೆ ವಯಸ್ಸಾದವರು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡು ಮಾತನಾಡಿದರೆ, ತೂಕಡಿಸಿದರೆ, ಎಡವಿ ಬೀಳುತ್ತಿದ್ದರೆ ಸಂಗೀತ ಹಾಕಿ ಮಲಗಿಸಬೇಡಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಲ್ಲಿ ಸೋಡಿಯಂ ತೀರಾ ಇಳಿದಾಗ ಹೀಗಾಗುತ್ತದೆ, ಫಿಟ್ಸ್ ಕೂಡ ಬರಬಹುದು. ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲೇ ಉಪ್ಪು ಕಲಸಿ ಕುಡಿಸಿ ಗಡಿಬಿಡಿಯಲ್ಲಿ ಏರಿಸುವುದೂ ಬೇಡ. ಸೋಡಿಯಂ ವೇಗವಾಗಿ ಏರಿದರೆ ಮೆದುಳಿಗೆ ಪೆಟ್ಟಾಗುತ್ತದೆ. ಆದ್ದರಿಂದ ವೈದ್ಯರು ಒಂದು ದಿನಕ್ಕೆ 8ರಿಂದ 10 ಅಂಕಕ್ಕಿಂತ ಹೆಚ್ಚು ಏರದ ಹಾಗೆ ನೋಡಿಕೊಳ್ಳುತ್ತಾರೆ.

ಪ್ರಶ್ನೆ: ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಎಂದು ಪಾಂಪ್ಲೆಟ್ ಹಂಚಿ, ಫ್ರೀಕ್ವೆನ್ಸಿ ಪ್ಯಾಕೇಜ್ ಎಂದು ದುಡ್ಡು ಕಟ್ಟಿಸಿಕೊಂಡರು. ಈಗ ಫೋನ್ ಎತ್ತುತ್ತಿಲ್ಲ. ದೂರು ಕೊಡಬಹುದಾ?
— ಆಟೋ ಚಾಲಕರು, ಕಾಮಾಕ್ಷಿಪಾಳ್ಯ

ಉತ್ತರ: ಕೊಡಿ, ಖಂಡಿತ ಕೊಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸುತ್ತದೆ. ಆ ಪಾಂಪ್ಲೆಟ್ ಎಸೆಯಬೇಡಿ, ಅದೇ ನಿಮ್ಮ ಸಾಕ್ಷಿ. ದುಡ್ಡಿನ ವಿಷಯಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಕೆ.ಪಿ.ಎಂ.ಇ. (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯಿದೆಯಡಿ ನೋಂದಣಿ ಮಾಡಿಸಿರಬೇಕು. ಆ ಸೆಂಟರಿಗೆ ನೋಂದಣಿ ಇದೆಯಾ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ಬಿಲ್ ಕೊಟ್ಟಿಲ್ಲದಿದ್ದರೆ ಯು.ಪಿ.ಐ. ಪಾವತಿಯ ಮೆಸೇಜ್ ಇರುತ್ತದಲ್ಲ, ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಈ ಗಲಾಟೆಯ ನಡುವೆ ಸಕ್ಕರೆ ಮಾತ್ರೆ ಬಿಟ್ಟಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ದೂರು ಮರುದಿನ ಬರೆದರೂ ನಡೆಯುತ್ತದೆ.